ಫೊನ್ಯೋದಿನಲ್ಲಿ ಇಳಿದವಳು

ಬುಡಾಪೆಸ್ಟಿನ ಕೋಟೆ ಗುಡ್ಡದ ಮೇಲೆ, ಕೆಳಗೆ ಹರಿಯುವ ಡ್ಯಾನ್ಯೂಬ್ ನದಿಗೆ ಬೆನ್ನು ಮಾಡಿ ನಿಂತು ಶೆಲ್ಬಿ ಕಾಡಿಲ್ ನಗುತ್ತಿದ್ದಳು. ನಕ್ಕು ನಕ್ಕು ಅವಳ ದವಡೆ ನೋಯುತ್ತಿತ್ತು.

"ಇನ್ನೊಂದ್ಸಲ. ಕಣ್ಣು ಮುಚ್ಕೊಂಡ್ಬಿಟ್ಟೆ," ಎಂದಳು ಫೋನು ಹಿಡಿದು ನಿಂತಿದ್ದ ಕೊರಿನ್.

"ಮುಚ್ಕೊಂಡಿಲ್ಲ ಕಣೇ. ನನ್ನ ಕಣ್ಣಿರೋದೇ ಹೀಗೆ."

"ವಿಯೆನ್ನಾದಲ್ಲಿ ಹೀಗಿರ್ಲಿಲ್ಲ."

"ವಿಯೆನ್ನಾದಲ್ಲಿ ನಾನಿನ್ನೂ ಬದುಕಿದ್ದೆ."

ಕೊರಿನ್‌ಗೆ ನಗುವಷ್ಟು ಪುರಸೊತ್ತಿರಲಿಲ್ಲ. ಸಂಜೆಯೊಳಗೆ ಇನ್ನೂ ಒಂದು ಚರ್ಚು, ಒಂದು ಮಾರುಕಟ್ಟೆ, ಒಂದು ಬಿಸಿನೀರಿನ ಸ್ನಾನಗೃಹ ಬಾಕಿ ಇದ್ದವು. ಬೆಳಗಾದರೆ ಝಾಗ್ರೆಬಿನ ರೈಲು, ಅಲ್ಲಿಂದ ಲ್ಯುಬ್ಲಿಯಾನಾ, ಆಮೇಲೆ ವೆನಿಸ್. ಈಸ್ಟರ್ ರಜೆ ಮುಗಿಯುವುದರೊಳಗೆ ಇದನ್ನೆಲ್ಲ ಮುಗಿಸಿ ಗ್ರಾಟ್ಸಿಗೆ ಹಿಂದಿರುಗಬೇಕೆಂದು ಅವಳ ಲೆಕ್ಕ. ಇಬ್ಬರೂ ಅಮೆರಿಕದವರು. ಒಂದು ಅವಧಿಯ ಮಟ್ಟಿಗೆ ಓದಲೆಂದು ಆಸ್ಟ್ರಿಯಾದ ಗ್ರಾಟ್ಸಿಗೆ ಬಂದು, ಹಾಸ್ಟೆಲಿನಲ್ಲಿ ಒಂದೇ ಕೋಣೆಗೆ ಬಿದ್ದವರು. ಕೊರಿನ್ ಶಿಕಾಗೋದ ಹಲ್ಲಿನ ಡಾಕ್ಟರರ ಮಗಳು. ಅಪ್ಪ ಅಮ್ಮನ ಜೊತೆ ಪ್ಯಾರಿಸ್, ರೋಮ್ ಎಲ್ಲ ನೋಡಿಯಾಗಿತ್ತು. ಶೆಲ್ಬಿ ಕೆಂಟಕಿಯ ಕಲ್ಲಿದ್ದಲ ಗುಡ್ಡಗಳ ನಡುವಿನ ಒಂದು ಸಣ್ಣ ಊರಿನವಳು. ಈ ಚಳಿಗಾಲದವರೆಗೆ ಅವಳು ವಿಮಾನದ ಹೊಟ್ಟೆಯನ್ನು ಕೆಳಗಿನಿಂದ ಮಾತ್ರ ನೋಡಿದ್ದಳು.

ದಾರಿಯಲ್ಲಿ ನೀರಿನ ಬಾಟಲಿ, ತಲೆನೋವಿನ ಮಾತ್ರೆ, ಛತ್ರಿ, ಇಬ್ಬರ ಪಾಸ್‌ಪೋರ್ಟು ಎಲ್ಲ ಶೆಲ್ಬಿಯ ಚೀಲದಲ್ಲೇ ಇರುತ್ತಿದ್ದವು. ಹಾಗೆಂದು ಯಾರೂ ಗೊತ್ತು ಮಾಡಿರಲಿಲ್ಲ. ಎಲ್ಲಿ ಹೋದರೂ ಹೊರೆ ಅವಳ ಹೆಗಲು ಹುಡುಕಿಕೊಂಡು ಬರುತ್ತಿತ್ತು. ಗ್ರಾಟ್ಸಿನ ಗೆಳತಿಯರೆಲ್ಲ ಅವಳನ್ನು "ಅಮ್ಮ" ಎಂದು ಕರೆಯುತ್ತಿದ್ದರು. ತಮಾಷೆಗೆ ಶುರುವಾದದ್ದು ಹೆಸರಾಗಿ ಉಳಿದಿತ್ತು.

ಮನೆಯಲ್ಲೂ ಹಾಗೆಯೇ ಇತ್ತು. ಅವಳ ಅಪ್ಪ ಶಾಲಾ ಬಸ್ಸಿನ ಡ್ರೈವರು, ಅಮ್ಮ ದಿನಸಿ ಅಂಗಡಿಯ ಗಲ್ಲಾದಲ್ಲಿ ನಿಲ್ಲುವವಳು, ತಮ್ಮಂದಿರಿಬ್ಬರು ಚಿಕ್ಕವರು. ಶೆಲ್ಬಿ ಹೈಸ್ಕೂಲಿನಲ್ಲಿದ್ದಾಗ ಅಮ್ಮನ ತಾಯಿ ಒರ್ಲೀನಾಗೆ ಮರೆವು ಹತ್ತಿತು. ಮೊದಲು ಕನ್ನಡಕ ಮರೆತಳು, ಆಮೇಲೆ ಒಲೆ ಆರಿಸುವುದನ್ನು, ಕೊನೆಗೆ ಮಗಳ ಹೆಸರನ್ನೇ ಮರೆತಳು. ಹಗಲಿಡೀ ಮನೆಯಲ್ಲಿ ಯಾರಾದರೂ ಇರಲೇಬೇಕು. ಆ ಯಾರಾದರೂ ಶೆಲ್ಬಿಯೇ ಆದಳು. ಕಾಲೇಜನ್ನೂ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲೇ ಆರಿಸಿಕೊಂಡಳು. ಅಜ್ಜಿ ತನ್ನ ಮನೆಯಲ್ಲೇ ಕೂತು "ಮನೆಗೆ ಹೋಗೋಣ ನಡಿ" ಎಂದು ಹಟ ಹಿಡಿದಾಗ, ಶೆಲ್ಬಿ ಅವಳಿಗೆ ಕೋಟು ತೊಡಿಸಿ, ಮುಂಬಾಗಿಲಿನಿಂದ ಹೊರಡಿಸಿ, ಕೋಳಿಗೂಡಿನ ಪಕ್ಕದಿಂದ ಒಂದು ಸುತ್ತು ಹಾಕಿಸಿ, ಹಿಂಬಾಗಿಲಿನಿಂದ ಒಳಗೆ ತರುತ್ತಿದ್ದಳು. "ಬಂತು ನೋಡಜ್ಜಿ ಮನೆ." ಅಜ್ಜಿ ಸುತ್ತ ನೋಡಿ, "ಯಾರೋ ಚೆನ್ನಾಗಿ ಇಟ್ಕೊಂಡಿದಾರೆ" ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಅಜ್ಜಿ ತೀರಿಕೊಂಡಳು. ಜನವರಿಯಲ್ಲಿ ಶೆಲ್ಬಿ ಗ್ರಾಟ್ಸಿಗೆ ಬಂದಳು. ಕಾಲೇಜಿನವರು ವಿದ್ಯಾರ್ಥಿವೇತನ ಕೊಟ್ಟರು. ವಿಮಾನದ ಟಿಕೆಟ್ಟಿಗೆ ಚರ್ಚಿನ ಹೆಂಗಸರು ಕೇಕು ಮಾಡಿ ಮಾರಿ ಹಣ ಕೂಡಿಸಿದರು. "ಹೋಗು ಮಗಳೇ, ಸಾಕಷ್ಟು ಮಾಡಿದೀಯ, ಇನ್ನು ನೀನು ಲೋಕ ನೋಡು" ಎಂದು ತಬ್ಬಿ ಕಳಿಸಿದರು. ಹಾಗಾಗಿ ಅವಳು ನೋಡುವುದನ್ನೆಲ್ಲ ಇಡೀ ಊರೇ ನೋಡುತ್ತಿತ್ತು. ಭಾನುವಾರ ಬಂದರೆ ಅಮ್ಮನ ಫೋನು: "ಏನೇನ್ ನೋಡ್ದೆ? ಫೋಟೋ ಕಳ್ಸು. ಚರ್ಚಿನ ಎಡ್ನಾ ಆಂಟಿ ದಿನಾ ಕೇಳ್ತಾಳೆ." ಶೆಲ್ಬಿ ಕಳಿಸುತ್ತಿದ್ದಳು. ಅರಮನೆಯ ಮುಂದೆ, ಸೇತುವೆಯ ಮೇಲೆ, ಯಾವುದೋ ರಾಜನ ಕುದುರೆಯ ಕೆಳಗೆ ನಿಂತು ನಗುತ್ತಿರುವ ಶೆಲ್ಬಿ. ಚರ್ಚುಗಳೆಲ್ಲ ಅವಳಿಗೆ ಈಗ ಒಂದೇ ತರ ಕಾಣತೊಡಗಿದ್ದವು. ಒಳಗೆ ಹೋದರೆ ಮೊದಲು ಅವಳ ಕಣ್ಣು ಹುಡುಕುತ್ತಿದ್ದುದು ಬೆಂಚನ್ನು. ಆದರೆ ದಣಿವಾಗಿದೆ ಎಂದು ಹೇಳುವುದು ಹೇಗೆ? ಕೇಕು ಮಾರಿ ಕಳಿಸಿದ್ದಾರೆ.

ಮಾರನೆಯ ಬೆಳಿಗ್ಗೆ ಹೊರಟ ರೈಲಿನಲ್ಲಿ ಅವರಿಬ್ಬರ ಎದುರು ಸೀಟಿನಲ್ಲಿ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಹೆಂಡತಿ ಗಿಡ್ಡಗೆ, ದುಂಡಗೆ, ಮಡಿಲಲ್ಲಿ ದೊಡ್ಡ ಬುಟ್ಟಿ ಇಟ್ಟುಕೊಂಡಿದ್ದಳು. ಬುಟ್ಟಿಯೊಳಗಿಂದ ಹಬ್ಬದ ಹಂದಿಮಾಂಸದ ಹೊಗೆವಾಸನೆ ಬರುತ್ತಿತ್ತು. ಗಂಡ ಎತ್ತರದ ಆಳು. ಗಡ್ಡ ನುಣ್ಣಗೆ ಹೆರೆದಿತ್ತು, ಕೋಟಿನ ಗುಂಡಿ ಮಾತ್ರ ಒಂದು ಮನೆ ತಪ್ಪಿ ಹಾಕಿತ್ತು. ಆ ಗುಂಡಿ ನೋಡಿದೊಡನೆ ಶೆಲ್ಬಿಗೆ ಗೊತ್ತಾಯಿತು. ಹೆಂಡತಿ ಒಂದು ಕೈಯಿಂದ ಅವನ ತೋಳು ಹಿಡಿದೇ ಇದ್ದಳು. ಅವನು ಏಳಲು ನೋಡಿದಾಗಲೆಲ್ಲ ಮೆಲ್ಲಗೆ ಜಗ್ಗಿ ಕೂರಿಸುತ್ತಿದ್ದಳು, ಮುಖ ಕೂಡ ತಿರುಗಿಸದೆ.

ಶೆಲ್ಬಿಯ ನೋಟ ಗಮನಿಸಿ ಅವಳು ಜರ್ಮನ್ ಭಾಷೆಯಲ್ಲಿ ಮಾತಾಡಿಸಿದಳು. ಹೆಸರು ಇರ್ಮಾ. ನಾದ್ಯ್‌ಕನಿಜಾ ಎಂಬ, ಅದೇ ದಾರಿಯ ಊರಿನಲ್ಲಿರುವ ಮಗಳ ಮನೆಗೆ ಹಬ್ಬಕ್ಕೆ ಹೊರಟಿದ್ದರು. ಗಂಡ ಲಯೋಶ್.

"ರೈಲಲ್ಲೇ ಕೆಲಸ ಮಾಡಿದೋರು. ಗಾರ್ಡು. ಈಗ ಏನೂ ಜ್ಞಾಪಕ ಇಲ್ಲ, ರೈಲು ಮಾತ್ರ ಇದೆ," ಎಂದಳು.

"ನಮ್ಮಜ್ಜಿಗೂ ಹೀಗೇ ಆಗಿತ್ತು," ಎಂದಳು ಶೆಲ್ಬಿ, ತನ್ನ ಮುರುಕಲು ಜರ್ಮನ್‌ನಲ್ಲಿ.

ಇರ್ಮಾ ಅವಳನ್ನು ಒಂದು ಕ್ಷಣ ನೋಡಿದಳು. ಬುಟ್ಟಿ ತೆರೆದು ಅಕ್ರೋಟು ಹೂರಣದ ಸುರುಳಿ ರೊಟ್ಟಿಯ ತುಂಡೊಂದನ್ನು ಕೈಗಿತ್ತಳು. ಕೊರಿನ್‌ಗೂ ಕೊಟ್ಟಳು. ಕೊರಿನ್ ಅದನ್ನು ತಿಂದು, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಶೆಲ್ಬಿಯ ಫೋನಿನಿಂದ ಫೋಟೋಗಳನ್ನು ತನ್ನದಕ್ಕೆ ಸಾಗಿಸುತ್ತ ಕಿಟಕಿಗೆ ತಲೆಯಾನಿಸಿ ಮಲಗಿಬಿಟ್ಟಳು. ಬಲಗಡೆ ಬಾಲಟೋನ್ ಸರೋವರ ಶುರುವಾಗಿತ್ತು. ಹಾಲಿಗೆ ನೀಲಿ ಬೆರೆಸಿದಂಥ ನೀರು. ಸ್ವಲ್ಪ ಹೊತ್ತಿಗೆ ಇರ್ಮಾಳ ಗದ್ದವೂ ಎದೆಗೆ ಬಿತ್ತು. ಗಂಡನ ತೋಳು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು.

ಎಷ್ಟು ಕಾಲದ ನಿದ್ದೆಯೋ ಅದು. ಬಾಯಿ ತೆರೆದುಕೊಂಡು, ಮಗುವಿನ ಹಾಗೆ.

ರೈಲು ಫೊನ್ಯೋದಿನಲ್ಲಿ ನಿಂತಿತು. ಲಯೋಶ್ ಎದ್ದ, ಕೋಟು ಸರಿಪಡಿಸಿಕೊಂಡ, ಎದೆಯುಬ್ಬಿಸಿ ಬಾಗಿಲ ಕಡೆ ನಡೆದ. ಗಾಬರಿಯಿಲ್ಲ, ಅವಸರವಿಲ್ಲ, ಕೆಲಸಕ್ಕೆ ಹೊರಟ ಗಂಡಸಿನ ನಡಿಗೆ. ಶೆಲ್ಬಿ ಇರ್ಮಾಳ ಭುಜಕ್ಕೆ ಕೈ ಚಾಚಿದಳು. ಆ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡಳು. ತಾನೇ ಹೋಗಿ ಕರೆತಂದರಾಯಿತು, ಪಾಪ, ಮಲಗಲಿ ಎಂದುಕೊಂಡು ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವನು ಕೆಳಗಿಳಿದಾಗಿತ್ತು.

"ತಾತ, ಬನ್ನಿ, ಹತ್ತಿ," ಎಂದು ಅವಳೂ ಇಳಿದು ಅವನ ಕೈ ಹಿಡಿದಳು.

ಲಯೋಶ್ ಪ್ಲಾಟ್‌ಫಾರಮ್ಮಿನ ಮೇಲೆ ನೆಟ್ಟಗೆ ನಿಂತು ಆ ತುದಿ ನೋಡಿದ, ಈ ತುದಿ ನೋಡಿದ, ಬಲಗೈ ಮೇಲೆತ್ತಿದ. ಬಾಗಿಲುಗಳು ಮುಚ್ಚಿಕೊಂಡವು. ರೈಲು ಹೊರಟಿತು. ಅದು ಹೊರಟದ್ದು ತನ್ನ ಹೊತ್ತಿಗೆ ಸರಿಯಾಗಿ. ಮುದುಕನ ಕೈಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಕೈ ಇಳಿಸಿದಾಗ ಅವನ ಮುಖದಲ್ಲಿ ಎಂಥ ತೃಪ್ತಿಯೆಂದರೆ, ಶೆಲ್ಬಿ ರೈಲಿನ ಹಿಂದೆ ಕೂಗುವುದನ್ನೇ ಮರೆತಳು.

ಫೋನು ಕೊರಿನ್‌ಳ ಮಡಿಲಲ್ಲಿ. ಚೀಲ, ಪಾಸ್‌ಪೋರ್ಟು, ಕೋಟು ಎಲ್ಲ ರೈಲಿನಲ್ಲಿ. ಅವಳು ಓಡಿ ಟಿಕೆಟ್ ಕಿಟಕಿಯ ಹೆಂಗಸಿಗೆ ಕೈಸನ್ನೆಯಲ್ಲಿ, ಬಾಯಿಗೆ ಬಂದ ಜರ್ಮನ್‌ನಲ್ಲಿ ಹೇಳಿದಳು. ರೈಲು, ಹೆಂಡತಿ, ನಿದ್ದೆ. ಆಕೆ ಲಯೋಶನನ್ನು ನೋಡಿ ಎಲ್ಲ ಅರ್ಥ ಮಾಡಿಕೊಂಡು ಫೋನು ಎತ್ತಿದಳು. "ರೈಲಿನವರಿಗೆ ಹೇಳಿದೀನಿ. ವಾಪಸ್ ಬರ್ತಾರೆ. ನೀವು ಎಲ್ಲೂ ಹೋಗ್ಬೇಡಿ" ಎಂದಳು.

ಆದರೆ ಲಯೋಶ್ ಹೊರಟೇಬಿಟ್ಟಿದ್ದ. ಹಳಿ ದಾಟಿದರೆ ಸರೋವರ. ತಡೆದರೆ ಹಟ ಹೆಚ್ಚುತ್ತದೆಂದು ಶೆಲ್ಬಿಗೆ ಗೊತ್ತಿತ್ತು. ಅವನ ತೋಳಿಗೆ ತೋಳು ಸೇರಿಸಿ ಜೊತೆಗೇ ನಡೆದಳು. ನಿಲ್ದಾಣ ಕಣ್ಣಿಗೆ ಮರೆಯಾಗದಷ್ಟು ದೂರದಲ್ಲಿ, ದೋಣಿ ಕಟ್ಟುವ ಕಟ್ಟೆಯ ಬಳಿ ಒಂದು ಬೆಂಚು ಕಂಡಿತು. ಇಬ್ಬರೂ ಕೂತರು. ಇನ್ನೂ ಬೇಸಿಗೆಯ ಜನ ಬಂದಿರಲಿಲ್ಲ. ಐಸ್‌ಕ್ರೀಮ್ ಗೂಡಂಗಡಿಗೆ ಹಲಗೆ ಬಡಿದಿತ್ತು. ತಣ್ಣನೆ ಗಾಳಿ ಬೀಸುತ್ತಿತ್ತು. ಲಯೋಶ್ ತನ್ನ ಮಫ್ಲರು ತೆಗೆದು, ಏನೋ ಗೊಣಗುತ್ತ, ಅವಳ ಕುತ್ತಿಗೆಗೆ ಸುತ್ತಿದ.

ಅವನು ಹಂಗೇರಿಯನ್ ಭಾಷೆಯಲ್ಲಿ ಸರಾಗವಾಗಿ ಏನೋ ಹೇಳತೊಡಗಿದ. ಅವಳು ಹೂಂಗುಟ್ಟಿದಳು. ಅವನು ನಿಲ್ಲಿಸಿದಾಗ ಅವಳು ಹೇಳತೊಡಗಿದಳು, ತನ್ನ ಊರಿನ ರಾಗ ಎಳೆಯುವ ಮಾತಿನಲ್ಲಿ. ಆ ಮಾತನ್ನು ಗ್ರಾಟ್ಸಿನಲ್ಲಿ ಎಲ್ಲರೂ ಅಣಕಿಸುತ್ತಿದ್ದುದರಿಂದ ಅವಳು ಅದನ್ನು ಬಾಯಿಯೊಳಗೇ ಮಡಚಿಟ್ಟಿದ್ದಳು.

"ನಮ್ಮಜ್ಜಿ ಸತ್ತಾಗ ನಂಗೆ ಅಳು ಬರ್ಲಿಲ್ಲ ತಾತ. ನಿದ್ದೆ ಬಂತು. ಎಲ್ರೂ ಹೊರಗೆ ಅಳ್ತಾ ಇದ್ರು. ನಾನು ಅಜ್ಜಿ ಮಂಚದಲ್ಲೇ ಮಲಗ್ಬಿಟ್ಟೆ. ಅಮ್ಮ ಬಂದು ನೋಡಿ, ಪಾಪ, ದುಃಖದಲ್ಲಿ ಬಿದ್ದಿದಾಳೆ ಅಂದ್ಲು. ದುಃಖ ಅಲ್ಲ. ನಿದ್ದೆ. ಅಷ್ಟೇ."

ಲಯೋಶ್ ಅವಳ ಕೈಯನ್ನು ಎರಡು ಸಲ ತಟ್ಟಿದ. ಅವನಿಗೆ ಏನೂ ತಿಳಿದಿರಲಿಲ್ಲ. ತಿಳಿಯದಿದ್ದುದಕ್ಕೇ ಅವಳು ಹೇಳಿದ್ದು. ಕೈಯಲ್ಲಿ ಏನೂ ಇಲ್ಲ, ನೋಡಬೇಕಾದ್ದೂ ಏನಿಲ್ಲ. ನೀರು ಬಂದು ಕಲ್ಲಿಗೆ ಬಡಿದು ಹೋಗುತ್ತಿತ್ತು. ಊರು ಬಿಟ್ಟಮೇಲೆ ಇಷ್ಟು ಹೊತ್ತು ಅವಳು ಒಂದೇ ಕಡೆ ಕೂತದ್ದು ಇದೇ ಮೊದಲು.

ಎದುರು ದಿಕ್ಕಿನ ರೈಲಿನಿಂದ ಮೊದಲು ಇಳಿದವಳು ಇರ್ಮಾ. ಅವಳ ಟೋಪಿ ವಾಲಿತ್ತು. ಹಳಿ ದಾಟಿ ಓಡಿ ಬಂದವಳೇ ಕೈಚೀಲದಿಂದ ಗಂಡನ ಎದೆಗೆ ಒಂದೇಟು ಹಾಕಿದಳು, ಇನ್ನೊಂದೇಟು ಹಾಕಿದಳು, ಕಿರುಚಿದಳು. ಆಮೇಲೆ ಅವನ ಎದೆಗೇ ಹಣೆಯಾನಿಸಿ ನಿಂತಳು. ಲಯೋಶ್ ಅವಳ ಟೋಪಿ ನೆಟ್ಟಗೆ ಮಾಡಿದ.

ಹಿಂದಿನಿಂದ ಕೊರಿನ್ ಬಂದಳು. ಎರಡು ಹೆಗಲಿಗೂ ಚೀಲ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹಂದಿಮಾಂಸದ ಬುಟ್ಟಿ. ಮುಖ ಕೆಂಡದಂತಾಗಿತ್ತು.

"ನಿಂಗೇನ್ ತಲೆ ಕೆಟ್ಟಿದ್ಯಾ? ಎದ್ದು ನೋಡ್ತೀನಿ, ನೀನಿಲ್ಲ! ಟಾಯ್ಲೆಟ್ಟೆಲ್ಲ ಹುಡುಕ್ದೆ. ಆಯಮ್ಮ ಬೊಬ್ಬೆ ಹೊಡೀತಾ ಇದಾಳೆ, ಟಿಕೆಟ್ ನೋಡೋನು ಅದ್ಯಾವ್ದೋ ಭಾಷೇಲಿ ಕೂಗ್ತಾ ಇದಾನೆ. ನೀನು ಸತ್ತೇ ಹೋದೆ ಅನ್ಕೊಂಡೆ ಕಣೇ ನಾನು!"

"ಕ್ಷಮಿಸೇ."

"ಒಂದ್ಸಲ ಎಬ್ಬಿಸೋಕಾಗ್ತಿರ್ಲಿಲ್ವಾ? ನನ್ನನ್ನ ಬೇಡ, ಆಯಮ್ಮನ್ನ?"

"ಮಲಗಿದ್ರು," ಎಂದಳು ಶೆಲ್ಬಿ.

ಇರ್ಮಾ ಬೆಂಚಿನಲ್ಲಿ ಅವಳ ಪಕ್ಕ ದೊಪ್ಪನೆ ಕೂತಳು. ಉಸಿರು ಹದಕ್ಕೆ ಬಂದಮೇಲೆ ಹೇಳಿದಳು, "ನಂಗೆ ನಿದ್ದೆ ಬಂದ್ಬಿಡ್ತು."

"ನೋಡ್ದೆ. ಚೆನ್ನಾಗಿತ್ತಾ ನಿದ್ದೆ?"

ಇರ್ಮಾ ಸುತ್ತ ನೋಡಿ, ತಪ್ಪು ಮಾಡಿದವಳಂತೆ ದನಿ ತಗ್ಗಿಸಿದಳು. "ಬಹಳ ಚೆನ್ನಾಗಿತ್ತು."

ಇಬ್ಬರಿಗೂ ನಗು ಬಂತು. ಇರ್ಮಾ ನಗುತ್ತಲೇ ಕಣ್ಣೊರೆಸಿಕೊಂಡಳು. "ಮಗಳು ಹೇಳ್ತಾಳೆ, ಅಪ್ಪನ್ನ ಎಲ್ಲಾದ್ರೂ ಸೇರಿಸ್ಬಿಡಮ್ಮ ಅಂತ. ಸೇರಿಸ್ಬಹುದು. ಆದ್ರೆ ಮನೇಲಿ ರಾತ್ರಿ ಇವ್ರು ಗೊರಕೆ ಹೊಡೀದಿದ್ರೆ ನಂಗೆ ನಿದ್ದೆ ಬರಲ್ವಲ್ಲ." ಶೆಲ್ಬಿಯ ಕಡೆ ತಿರುಗಿ, "ನೀನೆಷ್ಟು ವರ್ಷ ನೋಡ್ಕೊಂಡೆ ಅಜ್ಜೀನ?" ಎಂದು ಕೇಳಿದಳು.

ಶೆಲ್ಬಿ ಹೇಳಿದಳು. ಇರ್ಮಾ ಅವಳ ವಯಸ್ಸು ಕೇಳಿದಳು. ಅದನ್ನೂ ಹೇಳಿದಳು. ಮುದುಕಿ ತಲೆಯಾಡಿಸಿ, "ಅಯ್ಯೋ ಹುಡುಗಿ" ಎಂದಳು. ಊರಿನ ಯಾರೂ ಅವಳಿಗೆ ಅದನ್ನು ಹಾಗೆ ಹೇಳಿರಲಿಲ್ಲ. ಎಲ್ಲರೂ ಹೊಗಳಿದ್ದರು.

ಝಾಗ್ರೆಬಿಗೆ ಮುಂದಿನ ರೈಲು ಸಂಜೆಗೆ ಮುಂಚೆ ಇತ್ತು. ನಾಲ್ವರೂ ಬುಟ್ಟಿಯಲ್ಲಿದ್ದ ಹಬ್ಬದ ಊಟ ಬಿಚ್ಚಿ, ಮಾಂಸ ಕೊಯ್ದು, ಮೊಟ್ಟೆ ಸುಲಿದು ತಿಂದರು. ಹೊಟ್ಟೆ ತುಂಬಿದಮೇಲೆ ಕೊರಿನ್‌ಳ ಸಿಟ್ಟು ಇಳಿಯಿತು. "ಲೆಕ್ಕ ಹಾಕ್ದೆ. ಝಾಗ್ರೆಬ್‌ನಲ್ಲಿ ಒಂದು ಮ್ಯೂಸಿಯಂ ಬಿಟ್ರೆ ಉಳಿದಿದ್ದೆಲ್ಲ ಆಗತ್ತೆ," ಎಂದಳು.

"ನಾನು ಬರಲ್ಲ ಕೊರಿನ್."

"ಎಲ್ಲಿಗೆ?"

"ಎಲ್ಲಿಗೂ. ಇಲ್ಲೇ ಇರ್ತೀನಿ. ರಜಾ ಮುಗಿಯೋವರೆಗೂ."

"ಇಲ್ಲೇನಿದೆಯೇ? ಅಂಗಡಿ ಬಾಗಿಲೂ ತೆಗ್ದಿಲ್ಲ!"

"ಏನೂ ಇಲ್ಲ. ಅದಕ್ಕೇ."

ಕೊರಿನ್ ಮೊದಲು ನಕ್ಕಳು, ಆಮೇಲೆ ಬೇಡಿದಳು, ಆಮೇಲೆ ಚುಚ್ಚಿದಳು. "ವೆನಿಸ್ ಕಣೇ! ಜನ ಸಾಯೋಕೆ ಮುಂಚೆ ಒಂದ್ಸಲ ನೋಡ್ಬೇಕು ಅಂತ ಒದ್ದಾಡ್ತಾರೆ. ನೀನು ಇನ್ನೊಂದ್ಸಲ ಬರ್ತೀಯಾ ಇಲ್ಲಿಗೆ? ನಿಮ್ಮೂರಿಂದ?"

"ಬರಲ್ಲ ಅನ್ಸತ್ತೆ," ಎಂದಳು ಶೆಲ್ಬಿ. ಕೊರಿನ್ ಆಡಿದ ಮಾತು ನಾಟಿತು, ಆದರೆ ಸುಳ್ಳಾಗಿರಲಿಲ್ಲ. "ನೋಡಿದ್ದನ್ನೇ ನಾನು ನೋಡಿಲ್ಲ ಕೊರಿನ್. ನಿಂತ್ಕೊಂಡು ನಕ್ಕಿದೀನಿ ಅಷ್ಟೇ. ನಂಗೆ ಸುಸ್ತಾಗಿದೆ."

"ನಂಗೆ ಒಬ್ಳೇ ಹೋಗೋಕೆ..." ಕೊರಿನ್ ಮಾತು ಅರ್ಧಕ್ಕೆ ನಿಲ್ಲಿಸಿದಳು. ಅವಳಿಗೆ ಹೆದರಿಕೆ ಎಂಬುದು ಶೆಲ್ಬಿಗೆ ಆಗ ಹೊಳೆಯಿತು. ಒಂದು ಕ್ಷಣ ಹಳೆಯ ಅಭ್ಯಾಸ ಎದ್ದು, ಆಯ್ತು ಬರ್ತೀನಿ ಎನ್ನಲು ನಾಲಿಗೆಯ ತುದಿಗೆ ಬಂತು. ಅವಳು ಬಾಯಿ ಬಿಗಿಹಿಡಿದು ಕೂತಳು. ಅಜ್ಜಿಯ ಜೊತೆ ಕಳೆದ ಅಷ್ಟು ವರ್ಷಗಳಲ್ಲೂ ಇಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ.

ಚೀಲ ತೆರೆದು ಕೊರಿನ್‌ಳ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟಳು. ರೈಲು ಬಂದಾಗ ಲಯೋಶನನ್ನು ಇಬ್ಬರೂ ಹಿಡಿದು ಹತ್ತಿಸಿದರು.

"ನಾದ್ಯ್‌ಕನಿಜಾವರೆಗೂ ನೋಡ್ಕೊಳ್ತೀಯಾ? ಆಯಮ್ಮ ಮತ್ತೆ ಮಲಗ್ಬಹುದು."

"ನಾನೇನು ಆಯಾನಾ?" ಎಂದಳು ಕೊರಿನ್. ಆದರೆ ರೈಲು ಕದಲಿದಾಗ ಕಿಟಕಿಯಲ್ಲಿ ಶೆಲ್ಬಿ ಕಂಡದ್ದು: ಕೊರಿನ್ ಮುದುಕನ ಪಕ್ಕದಲ್ಲೇ ಕೂತು, ಅವನ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೆದರಿದವರು ವಿಮಾನದಲ್ಲಿ ಸೀಟಿನ ಕೈ ಹಿಡಿಯುವ ಹಾಗೆ.

ಟಿಕೆಟ್ ಕಿಟಕಿಯ ಹೆಂಗಸಿನ ಅಕ್ಕನ ಮನೆಯಲ್ಲಿ ಬೇಸಿಗೆಯವರಿಗೆ ಬಾಡಿಗೆಗೆ ಕೊಡುವ ಒಂದು ಕೋಣೆ ಇತ್ತು. ಇನ್ನೂ ಒಲೆ ಹಚ್ಚಿರದ, ತಣ್ಣನೆಯ ಕೋಣೆ. ಆ ಅಕ್ಕ ಹಕ್ಕಿಗರಿ ತುಂಬಿದ ಎರಡು ಹೊದಿಕೆ ಕೊಟ್ಟು, ಬ್ರೆಡ್ಡು ಬೆಣ್ಣೆ ಇಟ್ಟು, ಪ್ರಶ್ನೆ ಕೇಳದೆ ಹೋದಳು. ಶೆಲ್ಬಿ ಮಲಗಿದಳು. ಮಾರನೆಯ ದಿನ ಮಧ್ಯಾಹ್ನ ಎದ್ದು ಬ್ರೆಡ್ಡು ತಿಂದು ಮತ್ತೆ ಮಲಗಿದಳು. ಮನೆಯಾಕೆ ಒಮ್ಮೆ ಬಾಗಿಲಲ್ಲಿ ನಿಂತು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಹೋದಳಂತೆ. ಅದರ ಮಾರನೆಯ ದಿನ ಅವಳಿಗೆ ಅಳು ಬಂತು. ಯಾಕೆಂದು ತಿಳಿಯಲಿಲ್ಲ. ಬಟ್ಟಲಿನಲ್ಲಿ ಮನೆಯಾಕೆ ಕೊಟ್ಟ ಸೂಪಿತ್ತು, ಅದರಲ್ಲಿ ಕ್ಯಾರೆಟ್ಟಿತ್ತು. ಅಜ್ಜಿಗೆ ಅದನ್ನು ಹಿಸುಕಿ ಕೊಡಬೇಕಿತ್ತು. ಚಮಚ ಕೆಳಗಿಟ್ಟು, ಅಕ್ಟೋಬರಿನದನ್ನೆಲ್ಲ ಅಳುವಷ್ಟು ಅತ್ತಳು. ಆಮೇಲೆ ಸೂಪು ಬಿಸಿ ಮಾಡಿಸಿಕೊಂಡು ಕುಡಿದಳು.

ಭಾನುವಾರ ಅಮ್ಮನ ಫೋನು ಬಂತು. ಈಸ್ಟರ್ ಪ್ರಾರ್ಥನೆ ಮುಗಿಸಿ ಬಂದಿದ್ದಳು. ಹಿಂದೆ ತಮ್ಮಂದಿರ ಜಗಳ ಕೇಳುತ್ತಿತ್ತು.

"ವೆನಿಸ್ ಹೇಗಿದೆಯೇ? ದೋಣೀಲಿ ಕೂತ್ಯಾ? ಒಂದು ಫೋಟೋನೂ ಇಲ್ಲ ಈ ವಾರ."

"ವೆನಿಸ್‌ಗೆ ಹೋಗ್ಲಿಲ್ಲಮ್ಮ. ಒಂದು ಕೆರೆ ಪಕ್ಕ ಇದೀನಿ. ಮಲಗಿದೀನಿ."

"ಹುಷಾರಿಲ್ವಾ?"

"ಹುಷಾರಿದೀನಿ. ಸುಸ್ತು. ಅಜ್ಜಿ ಹೋದಾಗಿನಿಂದ. ಅದಕ್ಕೂ ಮುಂಚಿಂದ."

ತಮ್ಮಂದಿರ ಗಲಾಟೆ ದೂರವಾಯಿತು. ಅಮ್ಮ ಫೋನು ಹಿಡಿದು ಹೊರಗೆ ಹೋದಳೆಂದು ಕಾಣುತ್ತದೆ. "ನಾವು ನಿನ್ ಮೇಲೆ ಬಹಳ ಹೊರೆ ಹಾಕಿದ್ವು ಅಲ್ವಾ," ಎಂದಳು ಕೊನೆಗೆ.

ಇಲ್ಲಮ್ಮ, ಹಾಗೇನಿಲ್ಲ ಎಂದು ಹೇಳುವುದು ಶೆಲ್ಬಿಗೆ ಸುಲಭವಿತ್ತು. "ಹೌದಮ್ಮ," ಎಂದಳು.

"ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ಬೇರೆ ದಾರಿ ಕಾಣ್ಲಿಲ್ಲ." ಅಮ್ಮ ಮೂಗು ಸೀಟಿದಳು. "ಮಲಕ್ಕೋ ಮಗಳೇ. ಎಡ್ನಾಗೆ ನಾನೇನಾದ್ರೂ ಹೇಳ್ತೀನಿ. ವೆನಿಸ್‌ನಲ್ಲಿ ಮಳೆ ಅಂತೀನಿ."

ರಜೆಯ ಕೊನೆಯ ದಿನ ಶೆಲ್ಬಿ ಗ್ರಾಟ್ಸಿಗೆ ಮರಳಿದಳು. ದಣಿವು ಪೂರ್ತಿ ಹೋಗಿರಲಿಲ್ಲ. ಅಷ್ಟು ವರ್ಷದ್ದು ಒಂದು ವಾರದಲ್ಲಿ ಹೋಗುವಂಥದ್ದಲ್ಲ. ಸಂಜೆ ಕೊರಿನ್ ಬಂದಳು, ಕಾಲೆಳೆದುಕೊಂಡು, ಬಿಸಿಲಿಗೆ ಮೂಗಿನ ಮೇಲೆ ಚರ್ಮ ಸುಲಿದುಕೊಂಡು. ಶೂ ಸಮೇತ ಮಂಚದ ಮೇಲೆ ಬಿದ್ದಳು.

"ಹೇಗಿತ್ತು?"

"ಜನ. ಬರೀ ಜನ. ಸೇತುವೆ ಮೇಲೆ ನಿಲ್ಲೋಕೂ ಸಾಲು," ಎಂದಳು ಕೊರಿನ್. ಸ್ವಲ್ಪ ಹೊತ್ತಿನ ಮೇಲೆ, "ಒಂದಿನ ಬೆಳಿಗ್ಗೆ ದಾರಿ ತಪ್ಪಿ ಎಲ್ಲಿಗೋ ಹೋದೆ. ಯಾರೂ ಇರ್ಲಿಲ್ಲ. ಬಟ್ಟೆ ಒಣಹಾಕಿದ್ರು. ಅದು ಚೆನ್ನಾಗಿತ್ತು" ಎಂದಳು. "ನಿಮ್ ತಾತ ಪ್ರತಿ ಸ್ಟೇಷನ್‌ನಲ್ಲೂ ಎದ್ದ. ನಾನೂ ಬಿಡ್ಲಿಲ್ಲ. ಆಯಮ್ಮ ಎಂಥ ಗೊರಕೆ ಹೊಡೀತಾಳೇ! ಇಳಿಯೋವಾಗ ಇಬ್ರೂ ನಂಗೆ ಮುತ್ತು ಕೊಟ್ರು." ಕತ್ತು ತಿರುಗಿಸಿ, "ತಿನ್ನೋಕೆ ಏನಾದ್ರೂ ಇದ್ಯಾ, ಅಮ್ಮ?"

"ಬ್ರೆಡ್ಡಿದೆ. ಚೀಸಿದೆ. ಎದ್ದು ಕುಯ್ಕೋ," ಎಂದಳು ಶೆಲ್ಬಿ, ಮಲಗಿದಲ್ಲಿಂದಲೇ.

ಕೊರಿನ್ ಅವಳನ್ನೇ ನೋಡಿದಳು. ನರಳುತ್ತ ಎದ್ದಳು. ಚಾಕು ಹುಡುಕುವ ಸದ್ದು, ಬೀರು ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು.

"ನಿಂಗೂ ಬೇಕೇನೇ?"

"ತೆಳ್ಳಗೆ ಕುಯ್ಯಿ," ಎಂದು ಹೇಳಿ ಶೆಲ್ಬಿ ಗೋಡೆಯ ಕಡೆಗೆ ಹೊರಳಿದಳು.